ಹಳೆಯ ಇನ್ನೋವಾ ವಾಹನದ ಎಚ್ಚರಿಕೆಯ ದೀಪಗಳು: ಮಾಲೀಕರು ಅರಿತಿರಬೇಕಾದ ಅಂಶಗಳು

ನಮ್ಮ ರಾಜ್ಯದ ಉದ್ದಿಮೆ ಹಾಗೂ ವ್ಯಾಪಾರ ವಲಯದಲ್ಲಿ ಏಳೆಂಟು ಆಸನಗಳ ಬಹೂಪಯೋಗಿ ವಾಹನಗಳಿಗೆ ಇರುವ ಸ್ಥಾನವನ್ನು ಪ್ರತ್ಯೇಕವಾಗಿ ವಿವರಿಸಬೇಕಾಗಿಲ್ಲ. ಕಾರ್ಖಾನೆಯ ಸಿಬ್ಬಂದಿಯನ್ನು ಪಾಳಿಗೆ ಕರೆತರುವುದು, ಗ್ರಾಹಕರನ್ನು ವಿಮಾನ ನಿಲ್ದಾಣದಿಂದ ಬರಮಾಡಿಕೊಳ್ಳುವುದು, ಯಾತ್ರಿಕರನ್ನು ಧರ್ಮಸ್ಥಳ, ಶೃಂಗೇರಿಗಳಿಗೆ ಕರೆದೊಯ್ಯುವುದು ಮುಂತಾದ ಕಾರ್ಯಗಳಲ್ಲಿ ಈ ವಾಹನಗಳು ನಿರಂತರವಾಗಿ ತೊಡಗಿವೆ. ಇವುಗಳಲ್ಲಿ ಟೊಯೋಟಾ ಇನ್ನೋವಾ ನಮ್ಮ ನೆಲದಲ್ಲಿಯೇ ತಯಾರಾದದ್ದು. ಬಿಡದಿಯ ಕಾರ್ಖಾನೆಯಿಂದ 2000ದಲ್ಲಿ ಕ್ವಾಲಿಸ್ ಮಾರುಕಟ್ಟೆಗೆ ಬಂದಿತು. 2005ರಲ್ಲಿ ಅದರ ಸ್ಥಾನವನ್ನು ಇನ್ನೋವಾ ಪಡೆಯಿತು. 2016ರಲ್ಲಿ ಕ್ರಿಸ್ಟಾ ಬರುವವರೆಗೂ ಮೊದಲ ಪೀಳಿಗೆಯ ಇನ್ನೋವಾ ತಯಾರಾಗುತ್ತಿತ್ತು.

ಅಂದರೆ ಮೊದಲ ಪೀಳಿಗೆಯ ಯಾವುದೇ ಇನ್ನೋವಾ ಇಂದು ಹೊಸ ವಾಹನವಲ್ಲ. ಆದರೂ ಎರಡು, ಮೂರು ಲಕ್ಷ ಕಿಲೋಮೀಟರ್ ಕ್ರಮಿಸಿದ ಇಂತಹ ವಾಹನಗಳು ಇನ್ನೂ ದುಡಿಯುತ್ತಿವೆ, ಕೈ ಬದಲಾಯಿಸುತ್ತಿವೆ, ಸಣ್ಣ ಉದ್ದಿಮೆದಾರರ ಮೊದಲ ಬಂಡವಾಳವಾಗುತ್ತಿವೆ. ಸಾಲ ಮಾಡಿ ಒಂದೇ ವಾಹನವನ್ನು ಕೊಂಡು ತಾನೇ ಚಾಲಕನಾಗಿ ದುಡಿಯುವ ಮಾಲೀಕನಿಗೆ ಎಂಜಿನ್ ಕೆಟ್ಟರೆ ಅದು ದುರಸ್ತಿಯ ವೆಚ್ಚವೊಂದೇ ಅಲ್ಲ; ಕಂತು ತಪ್ಪುತ್ತದೆ, ಒಪ್ಪಿಕೊಂಡ ಬಾಡಿಗೆ ತಪ್ಪುತ್ತದೆ, ಗ್ರಾಹಕನ ವಿಶ್ವಾಸವೂ ತಪ್ಪುತ್ತದೆ. ಇಂತಹ ನಷ್ಟಗಳಲ್ಲಿ ಅನೇಕವು ಮುನ್ಸೂಚನೆಯಿಲ್ಲದೆ ಬರುವುದಿಲ್ಲ. ಚಾಲಕನ ಕಣ್ಣೆದುರಿನ ಡ್ಯಾಶ್‌ಬೋರ್ಡಿನಲ್ಲಿ ಒಂದು ಸಣ್ಣ ದೀಪ ಮೊದಲೇ ಬೆಳಗಿರುತ್ತದೆ. ಆ ದೀಪದ ಅರ್ಥವನ್ನು ತಿಳಿದು ಸಕಾಲದಲ್ಲಿ ಕ್ರಮ ಕೈಗೊಳ್ಳುವ ಬಗೆಯನ್ನು ಪ್ರಸ್ತುತ ಲೇಖನದಲ್ಲಿ ವಿವರಿಸಲಾಗಿದೆ. ಮುಖ್ಯವಾಗಿ 2.5 ಲೀಟರಿನ ಡಿ-4ಡಿ ಡೀಸೆಲ್ ಎಂಜಿನ್ನಿನ ಇನ್ನೋವಾವನ್ನು ಉದಾಹರಣೆಯಾಗಿ ತೆಗೆದುಕೊಂಡಿದ್ದರೂ ಇಲ್ಲಿನ ಬಹುಪಾಲು ವಿಷಯಗಳು ಇತರ ಹಳೆಯ ಡೀಸೆಲ್ ವಾಹನಗಳಿಗೂ ಅನ್ವಯಿಸುತ್ತವೆ.

ದೀಪಗಳ ಬಣ್ಣ ಮತ್ತು ಮೊದಲ ಪರೀಕ್ಷೆ

ಎಚ್ಚರಿಕೆಯ ದೀಪಗಳ ಬಣ್ಣಗಳಿಗೆ ನಿಶ್ಚಿತ ಅರ್ಥವಿದೆ. ಕೆಂಪು ದೀಪವು ಕೂಡಲೇ ಗಮನ ಕೊಡಬೇಕಾದ ಅಪಾಯವನ್ನು ಸೂಚಿಸುತ್ತದೆ. ಹಳದಿ ಅಥವಾ ಕಿತ್ತಳೆ ದೀಪವು ದೋಷವಿದೆ, ಶೀಘ್ರದಲ್ಲಿ ಪರೀಕ್ಷಿಸಿ ಎಂದು ತಿಳಿಸುತ್ತದೆ. ಹಸಿರು ಹಾಗೂ ನೀಲಿ ದೀಪಗಳು ಯಾವುದೋ ಒಂದು ಸಾಧನ ಚಾಲನೆಯಲ್ಲಿದೆ ಎಂಬುದನ್ನು ಮಾತ್ರ ಹೇಳುತ್ತವೆ.

ಕೀಲಿಯನ್ನು ತಿರುಗಿಸಿ ಎಂಜಿನ್ ಚಾಲೂ ಮಾಡುವ ಮುನ್ನ 'ಆನ್' ಸ್ಥಾನದಲ್ಲಿ ನಿಲ್ಲಿಸಿದಾಗ ಮುಖ್ಯವಾದ ಎಚ್ಚರಿಕೆಯ ದೀಪಗಳು ಬೆಳಗಬೇಕು. ಎಂಜಿನ್ ಚಾಲೂ ಆದ ಕೆಲವೇ ಕ್ಷಣಗಳಲ್ಲಿ ಆರಬೇಕು. ಬಹುತೇಕ ಚಾಲಕರು ದೀಪ ಆರಿತೇ ಎಂಬುದನ್ನಷ್ಟೇ ನೋಡುತ್ತಾರೆ. ಅದು ಬೆಳಗಿತೇ ಎಂಬುದನ್ನು ನೋಡುವುದಿಲ್ಲ. ಬೆಳಗದ ದೀಪವೂ ಒಂದು ದೋಷವೇ. ಬಲ್ಬು ಸುಟ್ಟಿರಬಹುದು, ತಂತಿ ಕಡಿದಿರಬಹುದು. ಹಳೆಯ ವಾಹನವನ್ನು ಮಾರುವವರು ದೋಷವನ್ನು ಮರೆಮಾಚಲು ಬಲ್ಬನ್ನೇ ತೆಗೆದಿರುವ ಸಾಧ್ಯತೆಯೂ ಉಂಟು. ಆದ್ದರಿಂದ ಹಳೆಯ ವಾಹನವನ್ನು ಕೊಳ್ಳುವಾಗ ಎಂಜಿನ್ ಚಾಲೂ ಮಾಡಿಸುವ ಮೊದಲು ಕೀಲಿಯನ್ನು 'ಆನ್' ಸ್ಥಾನದಲ್ಲಿ ನಿಲ್ಲಿಸಿ, ಆಯಿಲ್, ಬ್ಯಾಟರಿ, ಬ್ರೇಕ್, ಚೆಕ್ ಎಂಜಿನ್ ದೀಪಗಳು ಒಂದೊಂದಾಗಿ ಬೆಳಗುತ್ತಿವೆಯೇ ಎಂದು ಎಣಿಸಿ ನೋಡುವುದು ಲೇಸು. ಇದಕ್ಕೆ ಯಾವ ಉಪಕರಣವೂ ಬೇಕಿಲ್ಲ, ಖರ್ಚೂ ಇಲ್ಲ.

ಆಯಿಲ್ ದೀಪ: ಮೊದಲು ನಿಲ್ಲಿಸಿ, ನಂತರ ವಿಚಾರಿಸಿ

ಎಣ್ಣೆಯ ಗಿಂಡಿಯ ಚಿತ್ರವಿರುವ ಕೆಂಪು ದೀಪದ ಬಗ್ಗೆ ಒಂದು ತಪ್ಪು ಕಲ್ಪನೆ ವ್ಯಾಪಕವಾಗಿದೆ. ಆಯಿಲ್ ಕಡಿಮೆಯಾಗಿದೆ, ಮುಂದಿನ ಊರಿನಲ್ಲಿ ಹಾಕಿಸಿದರಾಯಿತು ಎಂದು ಅದನ್ನು ಅರ್ಥೈಸಲಾಗುತ್ತದೆ. ವಾಸ್ತವವಾಗಿ ಈ ದೀಪವು ಆಯಿಲಿನ ಪ್ರಮಾಣವನ್ನಲ್ಲ, ಅದರ ಒತ್ತಡವನ್ನು ಸೂಚಿಸುತ್ತದೆ. ಎಂಜಿನ್ ತಿರುಗುವಾಗ ಬೇರಿಂಗುಗಳು ಲೋಹದ ಮೇಲೆ ಲೋಹ ಉಜ್ಜಿಕೊಂಡು ತಿರುಗುವುದಿಲ್ಲ. ಒತ್ತಡದಿಂದ ನುಗ್ಗಿಬಂದ ಆಯಿಲಿನ ತೆಳು ಪದರದ ಮೇಲೆ ತೇಲುತ್ತವೆ. ಒತ್ತಡ ಕುಸಿದರೆ ಆ ಪದರ ಹರಿಯುತ್ತದೆ. ಆ ಬಳಿಕ ಬೇರಿಂಗುಗಳು ಹಾಳಾಗಲು ಕೆಲವೇ ನಿಮಿಷಗಳು ಸಾಕು. ಆದುದರಿಂದ ಓಡುತ್ತಿರುವಾಗ ಈ ದೀಪ ಬೆಳಗಿದರೆ ಸುರಕ್ಷಿತವಾಗಿ ರಸ್ತೆಯ ಬದಿಗೆ ತಂದು ಎಂಜಿನ್ನನ್ನು ಕೂಡಲೇ ಆರಿಸತಕ್ಕದ್ದು.

ಸಮತಟ್ಟಾದ ಜಾಗದಲ್ಲಿ ಐದು ಹತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ತೆಗೆದು ನೋಡಬೇಕು. ಮಟ್ಟವು ಕೆಳಗಿನ ಗುರುತಿಗಿಂತ ಕಡಿಮೆ ಇದ್ದರೆ ಸೂಕ್ತ ಆಯಿಲ್ ಸೇರಿಸಿ, ಚಾಲೂ ಮಾಡಿ, ದೀಪ ಆರಿದರೆ ಸೋರಿಕೆಯನ್ನು ಪತ್ತೆ ಹಚ್ಚುವ ಸಲುವಾಗಿ ಸಮೀಪದ ಗ್ಯಾರೇಜಿಗೆ ನಿಧಾನವಾಗಿ ಹೋಗಬಹುದು. ಮಟ್ಟ ಸರಿಯಿದ್ದೂ ದೀಪ ಆರದಿದ್ದರೆ ವಾಹನವನ್ನು ಓಡಿಸದೆ ಎಳೆಸಿಕೊಂಡು ಹೋಗುವುದೇ ಸರಿ.

ಎಂಜಿನ್ ಬಿಸಿಯಾದ ನಂತರ, ಸಿಗ್ನಲ್‌ಗಳಲ್ಲಿ ನಿಂತಾಗ ಮಾತ್ರ ದೀಪ ಮಿನುಗಿ, ವೇಗ ಏರಿಸಿದಾಗ ಆರುವುದು ಹಳೆಯ ವಾಹನಗಳಲ್ಲಿ ಕಂಡುಬರುವ ಇನ್ನೊಂದು ಲಕ್ಷಣ. ಬೇರಿಂಗು ಸವೆದಿರುವುದು, ಆಯಿಲ್ ತೆಳುವಾಗಿರುವುದು, ತಳದ ಜಾಲರಿ ಮಸಿ ಹಾಗೂ ಜಿಡ್ಡಿನಿಂದ ಮುಚ್ಚಿರುವುದು, ಒತ್ತಡವನ್ನು ಅಳೆಯುವ ಸ್ವಿಚ್ಚೇ ಕೆಟ್ಟಿರುವುದು - ಇವುಗಳಲ್ಲಿ ಯಾವುದೂ ಕಾರಣವಾಗಿರಬಹುದು. ಸ್ವಿಚ್ಚಿನ ಬೆಲೆ ಅಲ್ಪ. ಬೇರಿಂಗಿನ ಕೆಲಸವೆಂದರೆ ಎಂಜಿನ್ ಬಿಚ್ಚಬೇಕು. ಇವೆರಡರ ನಡುವೆ ತೀರ್ಮಾನಿಸಲು ಊಹೆ ಸಲ್ಲದು. ಸ್ವಿಚ್ಚನ್ನು ಕಳಚಿ ಆ ಜಾಗಕ್ಕೆ ಒತ್ತಡಮಾಪಕವನ್ನು ಜೋಡಿಸಿ ಅಳೆದರೆ ಕೆಲವೇ ನಿಮಿಷಗಳಲ್ಲಿ ಸತ್ಯ ತಿಳಿಯುತ್ತದೆ. ಈ ಪರೀಕ್ಷೆ ಮಾಡದೆ ಎಂಜಿನ್ ಬಿಚ್ಚಲು ಒಪ್ಪಿಗೆ ಕೊಡಬಾರದು.

ಡಿಪ್‌ಸ್ಟಿಕ್ ಇನ್ನೂ ಕೆಲವು ಸಂಗತಿಗಳನ್ನು ಹೇಳುತ್ತದೆ. ಡೀಸೆಲ್ ಎಂಜಿನ್ನಿನ ಆಯಿಲ್ ಬದಲಿಸಿದ ಕೆಲವೇ ದಿನಗಳಲ್ಲಿ ಕಪ್ಪಾಗುವುದು ಸಹಜ, ಅದಕ್ಕೆ ಗಾಬರಿಯಾಗಬೇಕಿಲ್ಲ. ಆದರೆ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಕೂಲಂಟ್ ಒಳಸೇರಿದೆ ಎಂದರ್ಥ. ಏನನ್ನೂ ಸೇರಿಸದಿದ್ದರೂ ಆಯಿಲಿನ ಮಟ್ಟ ಏರುತ್ತಿದ್ದು ಡೀಸೆಲಿನ ವಾಸನೆ ಬರುತ್ತಿದ್ದರೆ ಇಂಜೆಕ್ಟರ್ ಅಥವಾ ಪಂಪಿನ ಕಡೆಯಿಂದ ಇಂಧನ ಸೋರಿ ಬೆರೆಯುತ್ತಿದೆ ಎಂದು ತಿಳಿಯಬೇಕು. ಎರಡೂ ಸಂದರ್ಭಗಳಲ್ಲಿ ವಾಹನವನ್ನು ದೂರದ ಬಾಡಿಗೆಗೆ ಕಳುಹಿಸಬಾರದು.

ಬ್ಯಾಟರಿ ದೀಪ ಮತ್ತು ಬೆಲ್ಟ್

ಬ್ಯಾಟರಿಯ ಚಿತ್ರವಿರುವ ಕೆಂಪು ದೀಪವು ಬ್ಯಾಟರಿ ಕೆಟ್ಟಿದೆ ಎಂದು ಹೇಳುವುದಿಲ್ಲ. ಆಲ್ಟರ್ನೇಟರ್‌ನಿಂದ ಬ್ಯಾಟರಿಗೆ ವಿದ್ಯುತ್ ತುಂಬುತ್ತಿಲ್ಲ ಎಂದು ಹೇಳುತ್ತದೆ. ದೀಪ ಕಂಡ ಕೂಡಲೇ ಹೊಸ ಬ್ಯಾಟರಿ ಕೊಂಡು, ಎರಡು ದಿನಗಳಲ್ಲಿ ಅದೂ ಬರಿದಾಗಿ ರಸ್ತೆಯಲ್ಲಿ ನಿಂತವರು ಅನೇಕರು. ಸಾಧಾರಣ ಮಲ್ಟಿಮೀಟರ್ ಒಂದಿದ್ದರೆ ಈ ಗೊಂದಲ ಪರಿಹಾರವಾಗುತ್ತದೆ. ಎಂಜಿನ್ ಆರಿಸಿ ಕೆಲವು ಗಂಟೆಗಳ ನಂತರ ಅಳೆದಾಗ ಪೂರ್ಣ ತುಂಬಿದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ತುದಿಗಳಲ್ಲಿ 13.5ರಿಂದ 14.5 ವೋಲ್ಟ್ ಇರಬೇಕು. 13ಕ್ಕಿಂತ ಕಡಿಮೆ ಇದ್ದರೆ ಚಾರ್ಜ್ ಆಗುತ್ತಿಲ್ಲ. 15ನ್ನು ಮೀರಿದರೆ ನಿಯಂತ್ರಕ ಕೆಟ್ಟಿದ್ದು, ಅದು ಬ್ಯಾಟರಿಯನ್ನೂ ಬಲ್ಬುಗಳನ್ನೂ ಸುಡುತ್ತದೆ.

ಚಾರ್ಜ್ ಆಗದಿದ್ದಾಗ ಮೊದಲು ನೋಡಬೇಕಾದದ್ದು ಬೆಲ್ಟನ್ನು. ಬೆಳಿಗ್ಗೆ ಚಾಲೂ ಮಾಡಿದಾಗ ಕಿರ್ರೆನ್ನುವ ಸದ್ದು ಬೆಲ್ಟ್ ಸಡಿಲವಾಗಿರುವ ಅಥವಾ ಗಡುಸಾಗಿರುವ ಲಕ್ಷಣ. ನಂತರ ಬ್ಯಾಟರಿಯ ತುದಿಗಳಲ್ಲಿ ಬಿಳಿ ಹಸಿರು ಪುಡಿ ಕಟ್ಟಿದೆಯೇ ಎಂದು ಪರೀಕ್ಷಿಸಬೇಕು. ಇವೆರಡೂ ಸರಿಯಿದ್ದರೆ ಮಾತ್ರ ಆಲ್ಟರ್ನೇಟರ್‌ನ ಇಂಗಾಲದ ಬ್ರಷ್ಷುಗಳ ಕಡೆ ಗಮನ ಹರಿಸಬೇಕು. ಲಕ್ಷಾಂತರ ಕಿಲೋಮೀಟರ್ ಓಡಿದ ವಾಹನದಲ್ಲಿ ಅವು ಸವೆದಿರುವುದು ಸಾಮಾನ್ಯ. ಬ್ರಷ್ಷುಗಳನ್ನು ಮಾತ್ರ ಬದಲಿಸಿದರೆ ಅನೇಕ ವೇಳೆ ಇಡೀ ಆಲ್ಟರ್ನೇಟರ್ ಕೊಳ್ಳುವ ಖರ್ಚು ಉಳಿಯುತ್ತದೆ.

ಒಂದು ಸಂಗತಿಯನ್ನು ಇಲ್ಲಿ ವಿಶೇಷವಾಗಿ ಒತ್ತಿ ಹೇಳಬೇಕು. ಬ್ಯಾಟರಿ ದೀಪ ಬೆಳಗಿದ ಹೊತ್ತಿಗೇ ಸ್ಟಿಯರಿಂಗ್ ಭಾರವಾದರೆ ಬೆಲ್ಟ್ ತುಂಡಾಗಿದೆ ಎಂದು ಭಾವಿಸಬೇಕು. ಅನೇಕ ಎಂಜಿನ್ನುಗಳಲ್ಲಿ ನೀರಿನ ಪಂಪನ್ನೂ ಹೊರಗಿನ ಬೆಲ್ಟೇ ತಿರುಗಿಸುವುದರಿಂದ ಸ್ವಲ್ಪ ಹೊತ್ತಿನಲ್ಲಿ ಉಷ್ಣಮಾಪಕದ ಮುಳ್ಳೂ ಏರತೊಡಗುತ್ತದೆ. ಬ್ಯಾಟರಿಯಲ್ಲಿ ಉಳಿದ ವಿದ್ಯುತ್ತಿನಿಂದ ಊರು ಸೇರಬಹುದೆಂಬ ಲೆಕ್ಕಾಚಾರ ಇಂತಹ ಸಂದರ್ಭದಲ್ಲಿ ಎಂಜಿನ್ನಿಗೇ ಮುಳುವಾಗುತ್ತದೆ.

ಉಷ್ಣಮಾಪಕ

ಮುಳ್ಳು ಮಧ್ಯಭಾಗವನ್ನು ದಾಟಿ ಮೇಲೇರುತ್ತಿದ್ದರೆ ಏ.ಸಿ. ನಿಲ್ಲಿಸಿ, ವಾಹನವನ್ನು ಬದಿಗೆ ತರಬೇಕು. ರೇಡಿಯೇಟರ್ ಮುಚ್ಚಳವನ್ನು ಬಿಸಿಯಾಗಿರುವಾಗ ಎಂದಿಗೂ ತೆರೆಯಬಾರದು. ಒತ್ತಡದಲ್ಲಿರುವ ಕುದಿನೀರು ಚಿಮ್ಮಿ ಮುಖ, ಕೈಗಳು ಸುಡುತ್ತವೆ. ಅತಿಯಾಗಿ ಏರಿದ್ದ ಮುಳ್ಳು ಇದ್ದಕ್ಕಿದ್ದಂತೆ ಕೆಳಗಿಳಿದರೆ ಸಮಾಧಾನಪಡುವಂತಿಲ್ಲ. ಕೂಲಂಟ್ ಪೂರ್ಣ ಸೋರಿಹೋಗಿ, ಉಷ್ಣತೆ ಅಳೆಯುವ ಸಂವೇದಕವು ಬರಿಯ ಗಾಳಿಯಲ್ಲಿ ನಿಂತಿರುವಾಗಲೂ ಹೀಗಾಗುತ್ತದೆ.

ದೋಷದ ಮೂಲವನ್ನು ಹುಡುಕಲು ಅದು ಯಾವಾಗ ಕಾಣಿಸಿಕೊಳ್ಳುತ್ತದೆ ಎಂಬುದು ಸಹಾಯಕ. ನಗರದ ದಟ್ಟಣೆಯಲ್ಲಿ ಬಿಸಿಯಾಗಿ ಹೆದ್ದಾರಿಯಲ್ಲಿ ಸರಿಹೋಗುವುದಾದರೆ ಫ್ಯಾನಿನ ಕ್ಲಚ್ ದುರ್ಬಲವಾಗಿರಬಹುದು. ನಿಂತಾಗ ಸಾಕಷ್ಟು ಗಾಳಿ ಎಳೆಯುತ್ತಿಲ್ಲ. ಅದಕ್ಕೆ ಬದಲಾಗಿ ಹೆದ್ದಾರಿಯ ವೇಗದಲ್ಲಿ ಅಥವಾ ಘಾಟಿ ಏರುವಾಗ ಬಿಸಿಯಾಗುವುದಾದರೆ ರೇಡಿಯೇಟರ್ ಒಳಗೆ ಕಟ್ಟಿಕೊಂಡಿರುವ ಸಂಭವವೇ ಹೆಚ್ಚು. ಕೂಲಂಟ್ ಪದೇಪದೇ ಕಡಿಮೆಯಾಗುತ್ತಿದ್ದು ಹೊರಗೆಲ್ಲೂ ಸೋರಿಕೆ ಕಾಣದಿದ್ದರೆ, ಬೆಳಗಿನ ಚಾಲನೆಯಲ್ಲಿ ಬಿಳಿ ಹೊಗೆ ಬರುತ್ತಿದ್ದರೆ, ಹೆಡ್ ಗ್ಯಾಸ್ಕೆಟ್ ಸಂಶಯಾಸ್ಪದ.

ರೇಡಿಯೇಟರ್ ಕಟ್ಟಿಕೊಳ್ಳಲು ನಮ್ಮಲ್ಲಿ ಒಂದು ಸ್ಥಳೀಯ ಕಾರಣವೂ ಇದೆ. ಕೋಲಾರ, ಚಿತ್ರದುರ್ಗ ಮೊದಲಾದ ಒಣ ಪ್ರದೇಶಗಳಲ್ಲಿ ಕೊಳವೆಬಾವಿಯ ಗಡಸು ನೀರನ್ನೇ ರೇಡಿಯೇಟರಿಗೆ ತುಂಬುವ ರೂಢಿಯಿದೆ. ಪಾತ್ರೆಗಳಲ್ಲಿ ಕಟ್ಟುವ ಸುಣ್ಣದ ಪದರವೇ ಎಂಜಿನ್ನಿನ ನೀರಿನ ದಾರಿಗಳಲ್ಲೂ ಕಟ್ಟುತ್ತದೆ. ತುರ್ತಿನಲ್ಲಿ ಒಮ್ಮೆ ಹಾಕಿದರೆ ಅಡ್ಡಿಯಿಲ್ಲ. ಆದರೆ ಊರು ಸೇರಿದ ಮೇಲೆ ಅದನ್ನು ಬರಿದು ಮಾಡಿ, ತಯಾರಕರು ಸೂಚಿಸಿದ ಕೂಲಂಟನ್ನು ತುಂಬಿಸತಕ್ಕದ್ದು. ಸಾಂದ್ರ ಕೂಲಂಟಾದರೆ ಬಟ್ಟಿ ಇಳಿಸಿದ ನೀರನ್ನೇ ಬೆರೆಸಬೇಕು.

ಬ್ರೇಕ್ ದೀಪ

ಹ್ಯಾಂಡ್‌ಬ್ರೇಕ್ ಇಳಿಸಿದ ಮೇಲೂ ಕೆಂಪು ಬ್ರೇಕ್ ದೀಪ ಉಳಿದಿದ್ದರೆ ಬ್ರೇಕ್ ಆಯಿಲ್ ಕಡಿಮೆಯಾಗಿರುವ ಸಂಭವವಿದೆ. ಇದು ಮುಚ್ಚಿದ ವ್ಯವಸ್ಥೆಯಾದುದರಿಂದ ಬ್ರೇಕ್ ಆಯಿಲ್ ತಾನಾಗಿ ಖರ್ಚಾಗುವುದಿಲ್ಲ. ಒಂದೋ ಪ್ಯಾಡುಗಳು ಸವೆದು ಪಿಸ್ಟನ್ನುಗಳು ಮುಂದೆ ಸರಿದಿರುವುದರಿಂದ ಮಟ್ಟ ಇಳಿದಿದೆ, ಇಲ್ಲವೇ ಎಲ್ಲಿಯೋ ಸೋರುತ್ತಿದೆ. ಆದ್ದರಿಂದ ಆಯಿಲ್ ಸೇರಿಸಿ ದೀಪ ಆರಿಸಿಬಿಡುವುದು ಪರಿಹಾರವಲ್ಲ. ಮುಂದಿನ ಪ್ಯಾಡುಗಳನ್ನೂ, ಹಿಂಬದಿಯ ಡ್ರಮ್ಮಿನೊಳಗಿನ ಸಿಲಿಂಡರುಗಳನ್ನೂ ಬಿಚ್ಚಿ ನೋಡಿಸಬೇಕು.

ಎ.ಬಿ.ಎಸ್. ಇರುವ ಮಾದರಿಗಳಲ್ಲಿ ಹಳದಿಯ ಎ.ಬಿ.ಎಸ್. ದೀಪವೊಂದೇ ಬೆಳಗಿದರೆ ಸಾಮಾನ್ಯ ಬ್ರೇಕ್ ಕೆಲಸ ಮಾಡುತ್ತದೆ, ಚಕ್ರಗಳು ಬಿಗಿದು ಜಾರದಂತೆ ತಡೆಯುವ ಸೌಲಭ್ಯವಷ್ಟೇ ಇರುವುದಿಲ್ಲ. ಚಕ್ರದ ಬಳಿಯ ವೇಗ ಸಂವೇದಕಕ್ಕೆ ಕೆಸರು ಮೆತ್ತಿರುವುದು ಇದಕ್ಕೆ ಆಗಾಗ ಕಾರಣ. ಆದರೆ ಎ.ಬಿ.ಎಸ್. ದೀಪ ಮತ್ತು ಕೆಂಪು ಬ್ರೇಕ್ ದೀಪ ಎರಡೂ ಒಟ್ಟಿಗೆ ಬೆಳಗಿದರೆ ಮುಂದು ಹಿಂದಿನ ಚಕ್ರಗಳ ನಡುವೆ ಬ್ರೇಕಿನ ಬಲ ಹಂಚುವ ವ್ಯವಸ್ಥೆಯೂ ವಿಫಲವಾಗಿರಬಹುದು. ಜೋರಾಗಿ ಬ್ರೇಕ್ ಒತ್ತಿದಾಗ ವಾಹನ ಅಡ್ಡ ತಿರುಗುವ ಅಪಾಯವಿರುವುದರಿಂದ ಓಡಿಸಬಾರದು.

ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ತೇವ ಸೇರಿದಂತೆ ಅದು ಕುದಿಯುವ ಉಷ್ಣತೆ ಇಳಿಯುತ್ತದೆ. ಎಂಟು ಜನರನ್ನೂ ಅವರ ಸಾಮಾನುಗಳನ್ನೂ ಹೊತ್ತು ಶಿರಾಡಿ, ಚಾರ್ಮಾಡಿ, ಆಗುಂಬೆ ಘಾಟಿಗಳನ್ನು ಇಳಿಯುವಾಗ ನಿರಂತರ ಬ್ರೇಕ್ ಒತ್ತಿದರೆ ಆ ಹಳೆಯ ಆಯಿಲ್ ಕುದಿದು ಆವಿಯಾಗಿ, ಪೆಡಲ್ ಪೊಳ್ಳಾಗಿ ಕೆಳಗೆ ಕುಸಿಯುತ್ತದೆ. ಇದಕ್ಕೆ ಮುನ್ಸೂಚನೆಯಾಗಿ ಯಾವ ದೀಪವೂ ಬೆಳಗುವುದಿಲ್ಲ. ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಪೂರ್ಣ ಬದಲಿಸುವುದು, ಇಳಿಜಾರಿನಲ್ಲಿ ಕೆಳಗಿನ ಗೇರಿನಲ್ಲಿ ಎಂಜಿನ್ನಿನ ಹಿಡಿತದಿಂದ ಇಳಿಯುವುದು - ಇವೆರಡೇ ರಕ್ಷಣೆ.

ಟಿ-ಬೆಲ್ಟ್ ದೀಪ: ಒಂದು ಲಕ್ಷ ಕಿಲೋಮೀಟರಿನ ಪ್ರಶ್ನೆ

ಡೀಸೆಲ್ ಇನ್ನೋವಾ ಮಾಲೀಕರು ಸರಿಯಾಗಿ ಅರಿಯಲೇಬೇಕಾದ ದೀಪ ಇದು. ಈ ಎಂಜಿನ್ನಿನಲ್ಲಿ ಕವಾಟಗಳನ್ನು ಸಕಾಲದಲ್ಲಿ ತೆರೆದು ಮುಚ್ಚುವ ವ್ಯವಸ್ಥೆಯನ್ನು ಹಲ್ಲುಗಳುಳ್ಳ ರಬ್ಬರ್ ಬೆಲ್ಟೊಂದು ನಡೆಸುತ್ತದೆ. ಪೆಟ್ರೋಲ್ ಇನ್ನೋವಾದಲ್ಲಿಯೂ, ನಂತರ ಬಂದ ಕ್ರಿಸ್ಟಾದ ಡೀಸೆಲ್ ಎಂಜಿನ್ನುಗಳಲ್ಲಿಯೂ ಈ ಕೆಲಸಕ್ಕೆ ಸರಪಳಿ ಇದೆ. ಬೆಲ್ಟ್ ಓಡುವಾಗ ತುಂಡಾದರೆ ಕವಾಟಗಳು ತೆರೆದಲ್ಲೇ ನಿಲ್ಲುತ್ತವೆ, ಮೇಲೇರಿ ಬರುವ ಪಿಸ್ಟನ್ನುಗಳು ಅವುಗಳಿಗೆ ಬಡಿಯುತ್ತವೆ. ಬೆಲ್ಟ್ ಬದಲಿಸುವ ಖರ್ಚಿನ ಹಲವು ಪಟ್ಟು ಹಣ ಎಂಜಿನ್ ದುರಸ್ತಿಗೆ ಬೇಕಾಗುತ್ತದೆ. ವಾಹನ ವಾರಗಟ್ಟಲೆ ಗ್ಯಾರೇಜಿನಲ್ಲಿ ನಿಲ್ಲುತ್ತದೆ.

ಬೆಲ್ಟನ್ನು ಸಾಮಾನ್ಯವಾಗಿ 1 ಲಕ್ಷ ಕಿಲೋಮೀಟರಿಗೊಮ್ಮೆ ಬದಲಿಸುವುದು ನಮ್ಮಲ್ಲಿ ಪಾಲನೆಯಲ್ಲಿರುವ ಕ್ರಮ. ಆ ಗಡುವನ್ನು ನೆನಪಿಸಲೆಂದೇ ಟಿ-ಬೆಲ್ಟ್ ದೀಪವಿದೆ. ಆದರೆ ಈ ದೀಪ ಬೆಲ್ಟಿನ ಸ್ಥಿತಿಯನ್ನು ನೋಡುವುದಿಲ್ಲ, ನೋಡಲಾರದು. ಅದು ಕೇವಲ ಕ್ರಮಿಸಿದ ದೂರವನ್ನು ಎಣಿಸುತ್ತದೆ. ಬೆಲ್ಟನ್ನು ಬದಲಿಸದೆಯೇ ದೀಪವನ್ನು ಆರಿಸಲು ಸಾಧ್ಯವಿದೆ. ಓಡೋಮೀಟರನ್ನು ಹಿಂದಕ್ಕೆ ತಿರುಗಿಸಿದ ವಾಹನದಲ್ಲಿ ಈ ಎಣಿಕೆಗೆ ಬೆಲೆಯೇ ಇಲ್ಲ. ಆದುದರಿಂದ ದೀಪ ಬೆಳಗಿದ್ದರೆ ಬೆಲ್ಟ್ ಬದಲಿಸಬೇಕು ಎಂಬುದು ನಿಜ; ದೀಪ ಬೆಳಗಿಲ್ಲವಾದ್ದರಿಂದ ಬೆಲ್ಟ್ ಚೆನ್ನಾಗಿದೆ ಎಂಬುದು ನಿಜವಲ್ಲ. ಹಳೆಯ ವಾಹನವನ್ನು ಕೊಂಡಾಗ ಬೆಲ್ಟ್ ಬದಲಿಸಿದ ಬಿಲ್ಲು ಕೈಯಲ್ಲಿಲ್ಲದಿದ್ದರೆ ಬದಲಿಸಿಯೇ ಇಲ್ಲವೆಂದು ಭಾವಿಸಿ, ಖರೀದಿಯ ಬೆಲೆಯಲ್ಲಿಯೇ ಆ ಖರ್ಚನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ವಿವೇಕ. ಬೆಲ್ಟಿನೊಂದಿಗೆ ಅದನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್, ಬೇರಿಂಗುಗಳನ್ನೂ ಬದಲಿಸತಕ್ಕದ್ದು. ಅವು ಕೈಕೊಟ್ಟರೂ ಪರಿಣಾಮ ಅದೇ.

ಡೀಸೆಲಿನಲ್ಲಿ ನೀರು

ಇಂಧನ ಫಿಲ್ಟರಿನ ಚಿತ್ರವಿರುವ ದೀಪ ಬೆಳಗಿದರೆ ಫಿಲ್ಟರಿನ ತಳದಲ್ಲಿ ನೀರು ಸಂಗ್ರಹವಾಗಿದೆ ಎಂದರ್ಥ. ಕಾಮನ್ ರೈಲ್ ವ್ಯವಸ್ಥೆಯಲ್ಲಿ ಡೀಸೆಲನ್ನು ಸಾವಿರ ಬಾರ್‌ಗೂ ಮೀರಿದ ಒತ್ತಡಕ್ಕೆ ಏರಿಸಿ ಇಂಜೆಕ್ಟರುಗಳ ಮೂಲಕ ಸಿಂಪಡಿಸಲಾಗುತ್ತದೆ. ಇಲ್ಲಿನ ಬಿಡಿಭಾಗಗಳಿಗೆ ಜಾರೆಣ್ಣೆಯೂ ಡೀಸೆಲೇ. ನೀರು ಸೇರಿದರೆ ಈ ಸೂಕ್ಷ್ಮ ಭಾಗಗಳು ಒಣಗಿ ಉಜ್ಜುತ್ತವೆ, ತುಕ್ಕು ಹಿಡಿಯುತ್ತವೆ. ಇಂಜೆಕ್ಟರುಗಳು ಹಾಗೂ ಅಧಿಕ ಒತ್ತಡದ ಪಂಪು ಈ ವಾಹನದ ಅತಿ ದುಬಾರಿ ಭಾಗಗಳ ಸಾಲಿಗೆ ಸೇರಿದವು.

ನೀರನ್ನು ತೆಗೆಯುವ ಕ್ರಮ ಸರಳ. ಎಂಜಿನ್ ಆರಿಸಿ, ಫಿಲ್ಟರಿನ ಕೆಳಗೆ ಪಾತ್ರೆಯಿಟ್ಟು, ತಳದ ಬಿರಡೆಯನ್ನು ಎರಡು ಸುತ್ತು ಸಡಿಲಿಸಿ, ಮೇಲಿನ ಕೈಪಂಪನ್ನು ಶುದ್ಧ ಡೀಸೆಲ್ ಹರಿಯುವವರೆಗೆ ಒತ್ತಿ, ಬಿರಡೆಯನ್ನು ಕೈಯಿಂದಲೇ ಬಿಗಿಮಾಡಬೇಕು. ಇಕ್ಕಳ ಬಳಸಿದರೆ ಬಿರಡೆ ಒಡೆಯುತ್ತದೆ. ಪ್ರತಿಯೊಬ್ಬ ಚಾಲಕನಿಗೂ ಇದನ್ನು ಕಲಿಸಿರಬೇಕು. ಒಂದೇ ಬಂಕಿನಲ್ಲಿ ತುಂಬಿಸಿದ ನಂತರ ದೀಪ ಮತ್ತೆ ಮತ್ತೆ ಬೆಳಗುವುದಾದರೆ ಬಂಕನ್ನೇ ಬದಲಾಯಿಸುವುದು ಉಚಿತ. ತುಂಬಿಸಿದ ರಸೀದಿಗಳನ್ನು ಇಟ್ಟುಕೊಂಡಿದ್ದರೆ ದೂರು ನೀಡಲೂ ಆಧಾರವಾಗುತ್ತದೆ.

ಚೆಕ್ ಎಂಜಿನ್ ದೀಪ: ಸಂಕೇತ ಹೇಳುವುದೇನು, ಹೇಳದಿರುವುದೇನು

ಎಂಜಿನ್ ಆಕಾರದ ಹಳದಿ ದೀಪವು ನಿಯಂತ್ರಕ ಗಣಕವು ಯಾವುದೋ ದೋಷವನ್ನು ಗುರುತಿಸಿ ನೆನಪಿನಲ್ಲಿರಿಸಿಕೊಂಡಿದೆ ಎಂದು ತಿಳಿಸುತ್ತದೆ. ಸ್ಟಿಯರಿಂಗ್ ಕೆಳಭಾಗದಲ್ಲಿರುವ 16 ಪಿನ್ನುಗಳ ಸಂಪರ್ಕಕ್ಕೆ ಸ್ಕ್ಯಾನರ್ ಜೋಡಿಸಿ ಆ ಸಂಕೇತವನ್ನು ಓದಬಹುದು. ಭಾರತದಲ್ಲಿ ಒಬಿಡಿ-2 ಎಂಬ ಏಕರೂಪದ ವ್ಯವಸ್ಥೆ ಭಾರತ್ ಸ್ಟೇಜ್ 4 ವಾಹನಗಳಿಗೆ 2013ರ ಏಪ್ರಿಲ್‌ನಿಂದ ಕಡ್ಡಾಯವಾಯಿತು. ಅದಕ್ಕೂ ಹಿಂದಿನ ವಾಹನಗಳಲ್ಲಿ ಸಂಪರ್ಕವಿದ್ದರೂ ಅಗ್ಗದ ಸ್ಕ್ಯಾನರುಗಳು ಕೆಲವೊಮ್ಮೆ ಓದಲಾರವು. ಆ ಮಾದರಿಗೆ ಹೊಂದುವ ಉಪಕರಣವಿರುವ ಗ್ಯಾರೇಜಿಗೇ ಹೋಗಬೇಕಾಗುತ್ತದೆ.

ಸಂಕೇತದ ಮೊದಲಕ್ಷರ 'ಪಿ' ಎಂದರೆ ಎಂಜಿನ್ ಮತ್ತು ಗೇರ್ ವ್ಯವಸ್ಥೆ, 'ಸಿ' ಎಂದರೆ ಬ್ರೇಕ್ ಮುಂತಾದ ತಳಭಾಗ, 'ಬಿ' ಎಂದರೆ ಒಡಲು, 'ಯು' ಎಂದರೆ ಗಣಕಗಳ ನಡುವಣ ಸಂಪರ್ಕ. ಉದಾಹರಣೆಗೆ ಪಿ 0087 ಎಂದರೆ ರೈಲಿನಲ್ಲಿ ಇಂಧನದ ಒತ್ತಡ ಕಡಿಮೆ. ಪಿ 0335 ಎಂದರೆ ಕ್ರ್ಯಾಂಕ್ ಸಂವೇದಕದ ಮಂಡಲದಲ್ಲಿ ದೋಷ. ಪಿ 0401 ಎಂದರೆ ಹೊಗೆಯ ಮರುಹರಿವು, ಅಂದರೆ ಇ.ಜಿ.ಆರ್., ಸಾಲದು.

ಸಂಕೇತವು ತೊಂದರೆ ಇರುವ ಬೀದಿಯನ್ನು ತೋರಿಸುತ್ತದೆಯೇ ಹೊರತು ಮನೆಯನ್ನಲ್ಲ. ಪಿ 0087 ಬಂದ ಕೂಡಲೇ ಪಂಪು ಬದಲಿಸಬೇಕೆನ್ನುವವರಿದ್ದಾರೆ. ಒತ್ತಡ ಕಡಿಮೆಯಾಗಲು ಕಟ್ಟಿಕೊಂಡ ಫಿಲ್ಟರ್, ಕೊಳವೆಯಲ್ಲಿ ಸೇರಿದ ಗಾಳಿ, ಪಂಪಿನ ಮೇಲಿರುವ ಸಕ್ಷನ್ ಕಂಟ್ರೋಲ್ ವಾಲ್ವ್ ಅಂಟಿಕೊಂಡಿರುವುದು, ಸವೆದ ಇಂಜೆಕ್ಟರಿನಿಂದ ಅಧಿಕ ಇಂಧನ ಹಿಂದಿರುಗುವುದು, ಕೊನೆಗೆ ಪಂಪೇ ದುರ್ಬಲವಾಗಿರುವುದು - ಇಷ್ಟೂ ಕಾರಣಗಳಿರಬಹುದು. ಇವನ್ನು ಖರ್ಚಿನ ಏರಿಕೆಯ ಕ್ರಮದಲ್ಲಿಯೇ ಪರೀಕ್ಷಿಸುವುದು ನ್ಯಾಯ: ಮೊದಲು ಫಿಲ್ಟರ್, ನಂತರ ಗಾಳಿಯ ಸೋರಿಕೆ, ನಂತರ ವಾಲ್ವ್, ಆಮೇಲೆ ನಾಲ್ಕು ಇಂಜೆಕ್ಟರುಗಳಿಂದ ಹಿಂದಿರುಗುವ ಡೀಸೆಲನ್ನು ನಾಲ್ಕು ಸೀಸೆಗಳಲ್ಲಿ ಹಿಡಿದು ಹೋಲಿಸುವ ಪರೀಕ್ಷೆ, ಎಲ್ಲದರ ನಂತರ ಪಂಪು. ನಿಂತಲ್ಲಿ ಎಂಜಿನ್ನಿನ ವೇಗ ತಾನಾಗಿ ಏರಿಳಿಯುವುದು, ವೇಗ ತಗ್ಗಿಸಿದಾಗ ಆರಿಹೋಗಿ ಮತ್ತೆ ಚಾಲೂ ಆಗುವುದು - ಇವು ಆ ವಾಲ್ವಿನ ದೋಷದಲ್ಲಿ ಸಾಮಾನ್ಯವಾಗಿ ಕಾಣುವ ಲಕ್ಷಣಗಳು.

ಸಂಕೇತವನ್ನು ಬರೆದುಕೊಳ್ಳದೆ ಅಳಿಸಿಹಾಕಬಾರದು. ಬ್ಯಾಟರಿಯ ತುದಿ ಕಳಚಿ ದೀಪ ಆರಿಸುವ ಪದ್ಧತಿಯು ರೋಗಿಯ ಜ್ವರ ನೋಡಿದ ಚೀಟಿಯನ್ನು ಹರಿದು ಹಾಕಿದಂತೆ. ದೋಷ ಉಳಿಯುತ್ತದೆ, ಸಾಕ್ಷ್ಯ ಹೋಗುತ್ತದೆ. ಪೆಟ್ರೋಲ್ ವಾಹನಗಳಲ್ಲಿ ಈ ದೀಪ ಮಿನುಗತೊಡಗಿದರೆ ಸಿಲಿಂಡರಿನಲ್ಲಿ ದಹನ ತಪ್ಪುತ್ತಿದ್ದು, ಸುಡದ ಇಂಧನದಿಂದ ಹೊಗೆಕೊಳವೆಯ ಪರಿವರ್ತಕ ಹಾಳಾಗುವ ಸಂಭವವಿರುವುದರಿಂದ ವೇಗ ತಗ್ಗಿಸಿ ಆದಷ್ಟು ಬೇಗ ನಿಲ್ಲಿಸಬೇಕು.

ದೀಪ ಬೆಳಗದ ದೋಷಗಳು

ಹಳೆಯ ವಾಹನದ ಕೆಲವು ತೊಂದರೆಗಳನ್ನು ಕಣ್ಣು ಕಿವಿಗಳೇ ಪತ್ತೆ ಹಚ್ಚಬೇಕು. ಕೀಲಿ ತಿರುಗಿಸಿದಾಗ ದೀಪಗಳು ಪ್ರಖರವಾಗಿಯೇ ಇದ್ದು 'ಟಿಕ್' ಎಂಬ ಸದ್ದು ಮಾತ್ರ ಬಂದರೆ ಸ್ಟಾರ್ಟರಿನ ಒಳಗಿನ ತಾಮ್ರದ ಸಂಪರ್ಕಗಳು ಸವೆದಿರಬಹುದು. ದೀಪಗಳು ಮಂದವಾದರೆ ಬ್ಯಾಟರಿ ಅಥವಾ ಅದರ ತುದಿಗಳು ಕಾರಣ. ಕಪ್ಪು ಹೊಗೆಯು ಗಾಳಿ ಕಡಿಮೆ ಅಥವಾ ಇಂಧನ ಹೆಚ್ಚು ಎಂಬುದರ ಗುರುತು: ಏರ್ ಫಿಲ್ಟರ್, ಟರ್ಬೋ ಕೊಳವೆಯ ಬಿರುಕು, ಮಸಿ ಕಟ್ಟಿದ ಇ.ಜಿ.ಆರ್., ಇಂಜೆಕ್ಟರ್ ಈ ಕ್ರಮದಲ್ಲಿ ನೋಡಬೇಕು. ನೀಲಿ ಹೊಗೆ ಆಯಿಲ್ ಸುಡುತ್ತಿರುವುದರ ಗುರುತು. ಇನ್ನೋವಾದಲ್ಲಿ ಹಿಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ಉದ್ದನೆಯ ಶಾಫ್ಟ್ ಇರುವುದರಿಂದ, ಹೊರಡುವಾಗ 'ಟಕ್' ಎಂಬ ಸದ್ದು ಅಥವಾ ವೇಗದಲ್ಲಿ ನಡುಕ ಕಂಡರೆ ಅದರ ಜಾಯಿಂಟುಗಳನ್ನು ಪರೀಕ್ಷಿಸಬೇಕು.

ಮಾಲೀಕರ ಹೊಣೆ

ದೀಪ ಬೆಳಗಿದುದನ್ನು ಮೊದಲು ನೋಡುವವನು ಚಾಲಕ. ತೀರ್ಮಾನ ಕೈಗೊಳ್ಳುವವನು ಬಹುಮಟ್ಟಿಗೆ ದೂರದಲ್ಲಿರುವ ಮಾಲೀಕ. ನಷ್ಟ ಸಂಭವಿಸುವುದು ಈ ಎರಡರ ನಡುವಣ ಅಂತರದಲ್ಲಿ. ಬಾಡಿಗೆ ತಪ್ಪಿಸಿದ್ದಕ್ಕೆ ಗದರಿಕೆಯೋ ಸಂಬಳದಲ್ಲಿ ಕಡಿತವೋ ಆಗುವುದೆಂಬ ಭಯವಿದ್ದರೆ ಯಾವ ಚಾಲಕನೂ ಆಯಿಲ್ ದೀಪ ಕಂಡು ನಡುರಸ್ತೆಯಲ್ಲಿ ಎಂಜಿನ್ ಆರಿಸುವುದಿಲ್ಲ. ಹೇಗೋ ಊರು ಸೇರಿಸಲು ನೋಡುತ್ತಾನೆ. ಕೆಂಪು ದೀಪ ಕಂಡಾಗ ಯಾರನ್ನೂ ಕೇಳದೆ ನಿಲ್ಲಿಸುವ ಅಧಿಕಾರ ಚಾಲಕನಿಗಿದೆ, ಅದಕ್ಕಾಗಿ ಅವನನ್ನು ದೂಷಿಸಲಾಗುವುದಿಲ್ಲ ಎಂಬುದನ್ನು ಮಾಲೀಕರು ಸ್ಪಷ್ಟವಾಗಿ, ಸಾಧ್ಯವಾದರೆ ಲಿಖಿತವಾಗಿ ತಿಳಿಸಬೇಕು. ತಪ್ಪಿದ ಒಂದು ಬಾಡಿಗೆಯ ನಷ್ಟವನ್ನು ಮರುದಿನ ದುಡಿದು ತುಂಬಿಸಬಹುದು. ಕಟ್ಟಿಹೋದ ಎಂಜಿನ್ನನ್ನು ಹಾಗೆ ತುಂಬಿಸಲಾಗದು.

ಪ್ರತಿ ವಾಹನಕ್ಕೂ ಒಂದು ಲಾಗ್ ಪುಸ್ತಕವಿರಲಿ. ದಿನಾಂಕ, ಓಡಿದ ದೂರ, ಬೆಳಗಿದ ದೀಪ, ಓದಿದ ಸಂಕೇತ, ಬದಲಿಸಿದ ಭಾಗ - ಈ ಐದು ಕಾಲಂಗಳು ಸಾಕು. ಗ್ಯಾರೇಜಿನಿಂದ ತೆಗೆದ ಹಳೆಯ ಬಿಡಿಭಾಗವನ್ನು ಕೇಳಿ ಪಡೆಯುವುದೂ ಒಳ್ಳೆಯ ರೂಢಿ. ಬಾಡಿಗೆ ವಾಹನಗಳಿಗೆ 8 ವರ್ಷಗಳ ನಂತರ ಪ್ರತಿ ವರ್ಷವೂ ಎಫ್.ಸಿ. ನವೀಕರಿಸಬೇಕಾಗಿರುವುದರಿಂದ ಈ ದಾಖಲೆಯು ಆ ಪರಿಶೀಲನೆಗೆ ಮುನ್ನ ಸಿದ್ಧವಾಗಲು ನೆರವಾಗುತ್ತದೆ. ವಾಹನವನ್ನು ಮಾರುವಾಗ ಒಳ್ಳೆಯ ಬೆಲೆಯನ್ನೂ ತಂದುಕೊಡುತ್ತದೆ.

ಚಾಲಕರಿಗೆ ಸಂಕ್ಷಿಪ್ತ ಸೂಚನೆ

ಮುಂದಿನ ಸಾಲುಗಳನ್ನು ಪ್ರತ್ಯೇಕ ಹಾಳೆಯಲ್ಲಿ ಬರೆದು ವಾಹನದಲ್ಲಿ ಇರಿಸಬಹುದು.

1. ಕೆಂಪು ಆಯಿಲ್ ದೀಪ: ಕೂಡಲೇ ನಿಲ್ಲಿಸಿ, ಎಂಜಿನ್ ಆರಿಸಿ, ಆಯಿಲ್ ಮಟ್ಟ ನೋಡಿ. ಮಟ್ಟ ಸರಿಯಿದ್ದರೆ ಓಡಿಸಬೇಡಿ.
2. ಉಷ್ಣಮಾಪಕದ ಮುಳ್ಳು ಏರಿದರೆ: ಏ.ಸಿ. ನಿಲ್ಲಿಸಿ, ಬದಿಗೆ ತನ್ನಿ. ರೇಡಿಯೇಟರ್ ಮುಚ್ಚಳ ತಣ್ಣಗಾಗುವವರೆಗೆ ಮುಟ್ಟಬೇಡಿ.
3. ಕೆಂಪು ಬ್ರೇಕ್ ದೀಪ: ಹ್ಯಾಂಡ್‌ಬ್ರೇಕ್ ಪೂರ್ಣ ಇಳಿದಿದೆಯೇ ನೋಡಿ, ಇಳಿದಿದ್ದರೆ ಬ್ರೇಕ್ ಆಯಿಲ್ ನೋಡಿ. ಪೆಡಲ್ ಮೆತ್ತಗಾಗಿದ್ದರೆ ಮುಂದೆ ಸಾಗಬೇಡಿ.
4. ಬ್ಯಾಟರಿ ದೀಪ: ಬೆಲ್ಟ್ ನೋಡಿ. ಬೆಲ್ಟ್ ತುಂಡಾಗಿದ್ದರೆ ಓಡಿಸಬೇಡಿ. ಸರಿಯಿದ್ದರೆ ಅನಗತ್ಯ ವಿದ್ಯುತ್ ಬಳಕೆ ನಿಲ್ಲಿಸಿ ಸಮೀಪದ ಗ್ಯಾರೇಜಿಗೆ ಹೋಗಿ.
5. ಇಂಧನ ಫಿಲ್ಟರ್ ದೀಪ: ಆದಷ್ಟು ಬೇಗ ನೀರು ತೆಗೆಯಿರಿ.
6. ಚೆಕ್ ಎಂಜಿನ್ ದೀಪ: ಎಂಜಿನ್ ಎಳೆತ, ಹೊಗೆ, ಸದ್ದುಗಳಲ್ಲಿ ವ್ಯತ್ಯಾಸವಿಲ್ಲದಿದ್ದರೆ ನಿಧಾನವಾಗಿ ಪ್ರಯಾಣ ಮುಗಿಸಿ, ಸಂಕೇತ ಓದಿಸಿ. ವ್ಯತ್ಯಾಸವಿದ್ದರೆ ನಿಲ್ಲಿಸಿ.
7. ಟಿ-ಬೆಲ್ಟ್ ದೀಪ: ಮಾಲೀಕರಿಗೆ ಅದೇ ದಿನ ತಿಳಿಸಿ, ದೂರದ ಬಾಡಿಗೆ ಒಪ್ಪಿಕೊಳ್ಳಬೇಡಿ.

ಹಳೆಯ ವಾಹನವನ್ನು ಇಟ್ಟುಕೊಂಡು ವ್ಯವಹಾರ ನಡೆಸುವುದು ಯಾವ ರೀತಿಯಲ್ಲೂ ಅವಿವೇಕವಲ್ಲ. ಬಂಡವಾಳ ಕಡಿಮೆ, ಬಿಡಿಭಾಗಗಳು ಸಿಗುತ್ತವೆ, ಇದನ್ನು ಬಲ್ಲ ಮೆಕ್ಯಾನಿಕ್‌ಗಳು ತಾಲ್ಲೂಕು ಕೇಂದ್ರಗಳಲ್ಲಿಯೂ ಇದ್ದಾರೆ. ಆದರೆ ಹೊಸ ವಾಹನದಲ್ಲಿ ಕ್ಷಮೆಯಾಗುವ ಅಲಕ್ಷ್ಯ ಹಳೆಯದರಲ್ಲಿ ಕ್ಷಮೆಯಾಗುವುದಿಲ್ಲ. ದಿನದ ಮೊದಲ ಪ್ರಯಾಣಕ್ಕೆ ಮುನ್ನ ಕೀಲಿಯನ್ನು ಅರೆಕ್ಷಣ ತಡೆದು ದೀಪಗಳನ್ನು ಓದುವ ಅಭ್ಯಾಸವನ್ನು ಮಾಲೀಕರೂ ಚಾಲಕರೂ ಬೆಳೆಸಿಕೊಳ್ಳುವುದು ಅಪೇಕ್ಷಣೀಯ.